ಕಬ್ಬಿನ ಒಡಲಿನ ಒಕ್ಕಲು: ಸಸ್ಯಾಂತರ್ವಾಸಿ ಬ್ಯಾಕ್ಟೀರಿಯಾಗಳನ್ನು ಕುರಿತು

ಸಸ್ಯದ ಒಳಗೆ ಬ್ಯಾಕ್ಟೀರಿಯಾಗಳಿವೆ ಎಂದೊಡನೆ ರೋಗದ ಕಲ್ಪನೆ ಮೂಡುವುದು ಸಹಜ. ಆದರೆ ಆರೋಗ್ಯವಂತ ಸಸ್ಯದ ಬೇರು, ಕಾಂಡ, ಎಲೆಗಳ ಒಳಗೂ ಅದಕ್ಕೆ ಹಾನಿಮಾಡದೆ ಬದುಕುವ ಬ್ಯಾಕ್ಟೀರಿಯಾಗಳುಂಟು. ವಿಜ್ಞಾನವು ಇವನ್ನು 'ಎಂಡೊಫೈಟ್' ಎಂದು ಕರೆಯುತ್ತದೆ. ಗ್ರೀಕ್ ಮೂಲದ ಈ ಶಬ್ದವನ್ನು ಕನ್ನಡದಲ್ಲಿ 'ಸಸ್ಯಾಂತರ್ವಾಸಿ' ಎನ್ನಬಹುದು. ಆದರೂ ಪ್ರಾಚೀನ ಸಾಹಿತ್ಯದ ಅಭ್ಯಾಸಿಯಾದ ನನಗೆ 'ಒಕ್ಕಲು' ಎಂಬ ಹಳೆಯ ಮಾತೇ ಹೆಚ್ಚು ಸಮರ್ಪಕವೆನಿಸುತ್ತದೆ. ನೆಲೆಸುವುದು, ಬೇಸಾಯ ಮಾಡುವುದು ಎಂಬ ಎರಡೂ ಅರ್ಥಗಳು ಅದರಲ್ಲಿವೆ. ಈ ಜೀವಿಗಳೂ ನೆಲೆಸಿ ದುಡಿಯುವಂಥವು. ಆ ದುಡಿಮೆಯ ಸ್ವರೂಪವನ್ನು ಕಬ್ಬಿನ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅವರೆ, ತೊಗರಿಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳು ವಾಸಿಸಿ ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುವುದು ಸರ್ವವಿದಿತ. ಕಬ್ಬಿನ ಬೇರಿನಲ್ಲಿ ಅಂಥ ಗಂಟುಗಳಿಲ್ಲ. ಆದರೂ ಬ್ರೆಜಿಲ್ ದೇಶದಲ್ಲಿ ಅಲ್ಪ ಸಾರಜನಕ ಗೊಬ್ಬರದಿಂದಲೇ ದಶಕಗಳ ಕಾಲ ಕಬ್ಬು ಬೆಳೆದುಬಂದುದು ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿತು. ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಯೊಹಾನ್ನಾ ಡೋಬೆರೈನರ್ (೧೯೨೪-೨೦೦೦) ಹಾಗೂ ಅವರ ಸಹೋದ್ಯೋಗಿ ಕವಲ್ಕಾಂತೆ ಅವರು, ಕಬ್ಬಿನ ಬೇರು ಮತ್ತು ಕಾಂಡಗಳಿಂದ ಬೇರ್ಪಡಿಸಿದ ಹೊಸ ಬ್ಯಾಕ್ಟೀರಿಯಾವೊಂದನ್ನು ಕುರಿತು ೧೯೮೮ರಲ್ಲಿ ಪ್ರಬಂಧ ಪ್ರಕಟಿಸಿದರು. ಗ್ಲುಕೊನಾಸಿಟೊಬ್ಯಾಕ್ಟರ್ ಡೈಅಜೋಟ್ರೋಫಿಕಸ್ ಎಂಬುದು ಅದರ ಇಂದಿನ ಹೆಸರು.

ವಾತಾವರಣದಲ್ಲಿ ಶೇ. ೭೮ರಷ್ಟು ಸಾರಜನಕವಿದ್ದರೂ ಸಸ್ಯವು ಅದನ್ನು ನೇರವಾಗಿ ಬಳಸಲಾರದು. ಈ ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ಎಂಬ ಕಿಣ್ವದ ಮೂಲಕ ಅದನ್ನು ಅಮೋನಿಯಾ ಆಗಿ ಪರಿವರ್ತಿಸುತ್ತದೆ. ಈ ಕಾರ್ಯಕ್ಕೆ ಅಪಾರ ಶಕ್ತಿ ಬೇಕು. ಕಬ್ಬಿನ ಸಕ್ಕರೆಯೇ ಅದನ್ನು ಒದಗಿಸುತ್ತದೆ. ಶೇ. ೧೦ರಷ್ಟು ಸಕ್ಕರೆಯ ದ್ರಾವಣದಲ್ಲಿ ಸೊಂಪಾಗಿ ಬೆಳೆಯುವ, ಶೇ. ೩೦ರಲ್ಲೂ ಬದುಕಬಲ್ಲ ಈ ಜೀವಿಗೆ ಕಬ್ಬಿನ ಒಡಲು ತಕ್ಕ ನೆಲೆ.

ಇದರ ಉಪಕಾರ ಸಾರಜನಕಕ್ಕೆ ಸೀಮಿತವಲ್ಲ ಎಂಬುದಕ್ಕೆ ೨೦೦೧ರಲ್ಲಿ ಪ್ರಕಟವಾದ ಪ್ರಯೋಗವೊಂದು ಆಧಾರ. ಸಾರಜನಕ ಸ್ಥಿರೀಕರಣದ ಸಾಮರ್ಥ್ಯ ಕಳೆದುಕೊಂಡ ತಳಿಯನ್ನೂ ಮೂಲ ತಳಿಯನ್ನೂ ಬೇರೆಬೇರೆ ಕಬ್ಬಿನ ಸಸಿಗಳಿಗೆ ಸೇರಿಸಿ ನೋಡಲಾಯಿತು. ಸಾರಜನಕದ ಕೊರತೆಯಿದ್ದಾಗ ಮೂಲ ತಳಿಯನ್ನು ಪಡೆದ ಸಸಿಗಳು ಮಿಗಿಲಾಗಿ ಬೆಳೆದವು. ಕೊರತೆಯಿಲ್ಲದಾಗ ಎರಡೂ ತಳಿಗಳು ಬೆಳವಣಿಗೆಯನ್ನು ಹೆಚ್ಚಿಸಿದವು. ಬೇರಿನ ಬೆಳವಣಿಗೆಯನ್ನು ಪ್ರಚೋದಿಸುವ ಇಂಡೋಲ್ ಅಸಿಟಿಕ್ ಆಮ್ಲದಂಥ ಹಾರ್ಮೋನನ್ನೂ ಈ ಬ್ಯಾಕ್ಟೀರಿಯಾ ಉತ್ಪಾದಿಸುವುದನ್ನು ಇಲ್ಲಿ ನೆನೆಯಬೇಕು.

ಇದರಿಂದ ಗೊಬ್ಬರವೇ ಅನಗತ್ಯವೆಂದು ತೀರ್ಮಾನಿಸುವುದು ತಪ್ಪು. ಕಬ್ಬಿನ ತಳಿ, ಮಣ್ಣು, ನೀರುಗಳಿಗೆ ಅನುಗುಣವಾಗಿ ಫಲ ಬದಲಾಗುತ್ತದೆ. ಕಬ್ಬು ಪಡೆಯುವ ಸಾರಜನಕವೆಲ್ಲ ಈ ಒಂದೇ ಜೀವಿಯ ಕೊಡುಗೆಯೂ ಅಲ್ಲ. ಆದರೆ ಸಾರಜನಕ ಗೊಬ್ಬರ ಅತಿಯಾದಲ್ಲಿ ಕಬ್ಬಿನೊಳಗೆ ಈ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಯುವುದನ್ನು ಮೆಕ್ಸಿಕೊ ಹಾಗೂ ಭಾರತದ ಅಧ್ಯಯನಗಳು ತೋರಿಸಿವೆ. ಮಂಡ್ಯದಲ್ಲಾಗಲಿ ಕೊಲ್ಲಾಪುರದಲ್ಲಾಗಲಿ ರೈತನು ಕಬ್ಬನ್ನು ನೆಡುವುದು ಕಣ್ಣುಳ್ಳ ತುಂಡುಗಳಿಂದ. ತಾಯಿಕಬ್ಬಿನೊಳಗಿನ ಈ ಜೀವಿಗಳು ಆ ತುಂಡಿನೊಡನೆಯೇ ಮುಂದಿನ ಪೈರಿಗೆ ಸಾಗಬಲ್ಲವು. ಹೀಗಾಗಿ ಇಂದು ಅಳತೆಮೀರಿ ಸುರಿದ ಯೂರಿಯಾದ ಪರಿಣಾಮ ನಾಳಿನ ಪೈರಿಗೂ ತಟ್ಟಬಹುದು. ಕೂಲಿ ಕೇಳದೆ ದುಡಿಯುವವರನ್ನು ಒಕ್ಕಲೆಬ್ಬಿಸಿ, ಅದೇ ಕೆಲಸಕ್ಕೆ ಹಣ ತೆರುವ ಬೇಸಾಯ ನಮ್ಮದಾಗಬಾರದು. ಗೊಬ್ಬರದ ಪ್ರಮಾಣವನ್ನು ನಿಗದಿಪಡಿಸುವಾಗ ಸಸ್ಯದ ಒಳಗಿನ ಈ ಒಕ್ಕಲನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.