ಹಾನಗಲ್ ಹುಡುಗಿ ವಲಸೆ ಕಾರ್ಮಿಕಳಲ್ಲವಂತೆ!

ಇವತ್ತು ನಿಮಗೊಂದು ಪ್ರಶ್ನೆ. ಹಾನಗಲ್‌ನ ಒಬ್ಬ ಹುಡುಗಿ ಐಟಿಐ ಮುಗಿಸಿದ್ದಾಳೆ ಅಂದ್ಕೊಳ್ಳಿ. ಏಜೆನ್ಸಿಯವನೊಬ್ಬ ಬಂದು, "ಫೋನ್ ಫ್ಯಾಕ್ಟರಿ ಕೆಲಸ ಐತಿ, ಊಟ, ಹಾಸ್ಟೆಲ್ ಎಲ್ಲಾ ಕೊಡ್ತಾರ" ಅಂತಾನೆ. ಆಕೆ ರಾತ್ರಿ ಬಸ್ ಹತ್ತಿ ಕೋಲಾರದ ನರಸಾಪುರಕ್ಕೆ ಹೋಗ್ತಾಳೆ. ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಆಕೆ ವಲಸೆ ಕಾರ್ಮಿಕಳು ಹೌದೋ, ಅಲ್ವೋ?

ಕಾನೂನು ಹೇಳುತ್ತೆ, ಅಲ್ಲ!

ಯಾಕೆ ಗೊತ್ತಾ? 1979ರ ಕಾಯ್ದೆ ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಮಾತ್ರ ಇತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಲ್ಲೂ ಅಳತೆ ಅದೇ, ರಾಜ್ಯದ ಗಡಿ ದಾಟಬೇಕು. ಸವಣೂರಿನ ಹುಡುಗ ಗುಜರಾತಿನ ಸಾನಂದ್‌ಗೋ ಅಸ್ಸಾಮಿನ ಜಾಗಿರೋಡ್‌ಗೋ ಚಿಪ್ ಘಟಕಕ್ಕೆ ಹೋದರೆ, ಸಂಬಳ 18,000 ರೂಪಾಯಿ ಮೀರದಿದ್ದರೆ, ಆತ ವಲಸೆ ಕಾರ್ಮಿಕ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ, ಸಹಾಯವಾಣಿ, ಇದ್ದಲ್ಲೇ ರೇಷನ್ ಪಡೆಯುವ ಅವಕಾಶ, ಇವೆಲ್ಲ ಸಂಹಿತೆಯಲ್ಲಿವೆ. ಅದೇ ಹುಡುಗ ನರಸಾಪುರಕ್ಕೆ ಹೋದರೆ? ವಲಸೆಯ ಲೆಕ್ಕದಲ್ಲೇ ಇಲ್ಲ.

ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಉದ್ಯಮಕ್ಕೆ 2021ರಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ತಂತು. ಸಂತೋಷ. ಆದರೆ ಆ ಚಿಪ್ಪನ್ನು ಕೂರಿಸಿ ಫೋನ್ ಜೋಡಿಸುವ ಕೈಗಳ ಲೆಕ್ಕ ಯಾರ ಹತ್ತಿರ ಇದೆ?

ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ಕರ್ನಾಟಕ ನೋಡಿದೆ. 2020ರ ಡಿಸೆಂಬರ್ 12, ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆ. ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಗಾಜು ಒಡೆದವು, ವಾಹನ ಉರುಳಿದವು. ಬಂಧನಗಳೂ ಆದವು. ಹಿಂಸೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂಲ ಏನು? ಸಂಬಳ ಸರಿಯಾಗಿ ಬರ್ತಿಲ್ಲ ಅನ್ನೋ ದೂರು. ಕೆಲಸಗಾರರಲ್ಲಿ ಬಹುಪಾಲು ಗುತ್ತಿಗೆಯವರು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿಲ್ಲ ಅಂತ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ತಪ್ಪು ಸರಿಯಾಗುವವರೆಗೆ ಹೊಸ ಕೆಲಸ ಕೊಡಲ್ಲ ಅಂತ ಆ್ಯಪಲ್ ಹೇಳಿತು. ಆಮೇಲೆ ಕಾರ್ಖಾನೆ ಟಾಟಾ ಕೈಗೆ ಬಂತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ತೀನಿ. ಸಂಬಳ ಕೇಳಿದರೆ ಕಂಪನಿ ಏಜೆನ್ಸಿ ಕಡೆ ಕೈ ತೋರಿಸುತ್ತೆ, ಏಜೆನ್ಸಿ ಕಂಪನಿ ಕಡೆ. ಆದರೆ ಗುತ್ತಿಗೆದಾರ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ನೇಮಕಾತಿ ಪತ್ರ ಕೊಡಲೇಬೇಕು. ಈ ಹಕ್ಕುಗಳಿಗೆ ಗಡಿ ದಾಟಬೇಕಿಲ್ಲ.

ಹಾಗಾಗಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ತಂದೆ-ತಾಯಂದಿರೇ, ಬಸ್ ಹತ್ತಿಸುವ ಮೊದಲು ಕೇಳಿ: ನೇಮಕಾತಿ ಪತ್ರ ಎಲ್ಲಿ? ಏಜೆನ್ಸಿಗೆ ಲೈಸೆನ್ಸ್ ಇದೆಯಾ? ಪಿಎಫ್, ಇಎಸ್ಐ ನಂಬರ್ ಯಾವಾಗ ಕೊಡ್ತೀರಿ? ಹಾಸ್ಟೆಲ್ ಬಾಡಿಗೆ ಸಂಬಳದಲ್ಲಿ ಹಿಡೀತೀರಾ?

ಸರ್ಕಾರಕ್ಕೆ ನನ್ನದು ಒಂದೇ ಮಾತು. ಯಾವ ಏಜೆನ್ಸಿ, ಯಾವ ಹಳ್ಳಿಯಿಂದ, ಎಷ್ಟು ಜನರನ್ನ, ಎಲ್ಲಿಗೆ ಕರ್ಕೊಂಡು ಹೋಯ್ತು ಅಂತ ಹಾವೇರಿಯ ಕಾರ್ಮಿಕ ಇಲಾಖೆಯಲ್ಲಿ ಒಂದು ಪುಸ್ತಕ ಇರಲಿ. ಅದರ ಪ್ರತಿ ಕೋಲಾರಕ್ಕೂ ಹೋಗಲಿ. ಕುರಿ ಸಂತೆಗೆ ಹೋದರೂ ಎಣಿಸಿ ಕಳಿಸ್ತೀವಿ. ಮಕ್ಕಳನ್ನ ಎಣಿಸಬಾರದಾ?