ಸರ್ವರ್ ಪದೇ ಪದೇ ಬಿದ್ದದ್ದು ಯಾಕೆ? ಬನ್ನಿ, ಪತ್ತೆ ಮಾಡೋಣ!

“ಸರ್ವರ್ ಇಲ್ರೀ, ನಾಳೆ ಬರ್ರಿ.” ಈ ಮಾತು ಕೇಳಿ ವಾಪಸು ಬಂದ ಅಜ್ಜ, ಅಜ್ಜಿ ಊರೂರಲ್ಲೂ ಇದ್ದಾರೆ. ಆದರೆ ಸರ್ವರ್ ಎಲ್ಲಿಗೆ ಹೋಗಿರುತ್ತದೆ? ಯಾಕೆ ಹೋಗುತ್ತದೆ? ಅದನ್ನು ಹುಡುಕುವವರ ಕೆಲಸ ಪತ್ತೇದಾರಿ ಕಥೆಯಷ್ಟೇ ರೋಚಕ ಮಕ್ಕಳೇ.

ಸರ್ವರ್ ಅಂದರೆ ದೂರದಲ್ಲಿ ಕುಳಿತ ಒಂದು ದೊಡ್ಡ ಕಂಪ್ಯೂಟರು. ಸಾವಿರಾರು ಜನ ಕೇಳಿದ್ದನ್ನು ಹುಡುಕಿ ಕೊಡುವುದೇ ಅದರ ಕೆಲಸ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನು ನೆನಪಿಸಿಕೊಳ್ಳಿ. ಸೋಮವಾರ, ಗುರುವಾರ ಬಂತೆಂದರೆ ಚೀಲ ತುಂಬಿದ ಲಾರಿಗಳ ಸಾಲು. ಒಂದೇ ಗೇಟಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ? ಯಾರೂ ಒಳಗೆ ಹೋಗಲಾರರು. ಸರ್ವರ್ ಬೀಳುವುದೂ ಹೆಚ್ಚುಕಡಿಮೆ ಹಾಗೆಯೇ.

ಒಮ್ಮೆ ಬಿದ್ದರೆ ಆರಿಸಿ ಮತ್ತೆ ಚಾಲೂ ಮಾಡುತ್ತಾರೆ. ಪದೇ ಪದೇ ಬಿದ್ದರೆ ಅಷ್ಟೇ ಸಾಲದು. ಜ್ವರ ಮತ್ತೆ ಮತ್ತೆ ಬಂದರೆ ಡಾಕ್ಟರು ಏನು ಕೇಳುತ್ತಾರೆ? “ಯಾವ ಹೊತ್ತಿಗೆ ಬರುತ್ತದೆ? ಅದಕ್ಕೂ ಮೊದಲು ಏನು ತಿಂದಿದ್ದೆ?” ಎಂಜಿನಿಯರುಗಳೂ ಇದನ್ನೇ ಕೇಳುತ್ತಾರೆ. ಉತ್ತರ ಇರುವುದು ಸರ್ವರಿನ ದಿನಚರಿ ಪುಸ್ತಕದಲ್ಲಿ. ಅದಕ್ಕೆ ‘ಲಾಗ್’ ಎಂದು ಹೆಸರು. ಯಾರು, ಎಷ್ಟು ಗಂಟೆಗೆ, ಏನು ಕೇಳಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ.

ದಿನವೂ ಬೆಳಿಗ್ಗೆ ಕಚೇರಿ ತೆರೆದ ಹೊತ್ತಿಗೇ ಬಿದ್ದರೆ ಜನಸಂದಣಿ ಕಾರಣವಿರಬಹುದು. ಹೊಸ ತಂತ್ರಾಂಶ ಹಾಕಿದ ಮರುದಿನವೇ ಬಿದ್ದರೆ ಅದರಲ್ಲೇ ತಪ್ಪಿರಬಹುದು. ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಿಡುತ್ತಾ ಹೋದರೆ ಕೊನೆಗೆ ಕಳ್ಳ ಸಿಗುತ್ತಾನೆ.

ನಮ್ಮ ರಾಜ್ಯದಲ್ಲಿ ನಿಜವಾಗಿಯೂ ಒಮ್ಮೆ ಇಂಥ ಪತ್ತೇದಾರಿಕೆ ನಡೆಯಿತು! ಹೊಲ, ಮನೆ, ಸೈಟು ಕೊಂಡಾಗ, ಮಾರಿದಾಗ ಪತ್ರ ನೋಂದಣಿ ಮಾಡಿಸಬೇಕಲ್ಲ? ಅದಕ್ಕಾಗಿ 2023ರಲ್ಲಿ ರಾಜ್ಯದಾದ್ಯಂತ ‘ಕಾವೇರಿ 2.0’ ಎಂಬ ತಂತ್ರಾಂಶ ಬಂತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಉಪನೋಂದಣಿ ಕಚೇರಿಗಳ ಕೆಲಸವೂ ಇದರ ಮೇಲೆಯೇ ನಿಂತಿದೆ. 2024ರ ಡಿಸೆಂಬರಿನಿಂದ ಅದು ಮತ್ತೆ ಮತ್ತೆ ತಡವರಿಸತೊಡಗಿತು. 2025ರ ಫೆಬ್ರವರಿ ಆರಂಭದ ಹೊತ್ತಿಗೆ ನೋಂದಣಿ ಬಹುತೇಕ ನಿಂತೇಹೋಯಿತು. ಮಗಳ ಮದುವೆಗೆಂದು ಸೈಟು ಮಾರಲು ಹೊರಟವರಿಗೆ, ಸಾಲ ತೀರಿಸಲು ಹೊಲ ಮಾರುವವರಿಗೆ ಒಂದೊಂದು ದಿನವೂ ಭಾರವೇ ಅಲ್ಲವೇ?

ತಜ್ಞರು ಪರಿಶೀಲಿಸಿದಾಗ ವಿಚಿತ್ರವೊಂದು ಕಂಡಿತು. ಋಣಭಾರ ಪತ್ರ, ಅಂದರೆ ಇ.ಸಿ. ಹುಡುಕುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತ್ತು. ಆಸ್ತಿಯ ಮೇಲೆ ಸಾಲ ಇದೆಯೇ, ಅದು ಯಾರಿಂದ ಯಾರಿಗೆ ಹೋಗಿದೆ ಎಂದು ತಿಳಿಸುವ ಪತ್ರ ಅದು. ಅದನ್ನು ಕೊಡಬೇಕೆಂದರೆ ಸರ್ವರ್ ಎಷ್ಟೋ ವರ್ಷಗಳ ದಾಖಲೆ ತಿರುವಿ ಹಾಕಬೇಕು. ಹಾಗಾಗಿ ಅದು ಶ್ರಮದ ಕೆಲಸ.

ಸರ್ಕಾರ ತಿಳಿಸಿದಂತೆ 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳಿಂದ ಈ ದಾಳಿ ನಡೆದಿತ್ತು. ಒಂದು ಹಂತದಲ್ಲಿ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು. ಐಪಿ ವಿಳಾಸವೆಂದರೆ ಅಂತರ್ಜಾಲದಲ್ಲಿ ಕಂಪ್ಯೂಟರಿಗೆ ಇರುವ ಮನೆ ನಂಬರಿನಂಥದ್ದು.

ಪೆನ್ಸಿಲ್ ಹಿಡಿಯಿರಿ ಮಕ್ಕಳೇ. ಎರಡು ಗಂಟೆ ಅಂದರೆ 7,200 ಸೆಕೆಂಡು. 6,20,000ವನ್ನು 7,200ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 86 ಕೋರಿಕೆ! ಎಲ್ಲವೂ ಆ 62 ಖಾತೆಗಳಿಂದಲೇ ಬಂದವೆಂದುಕೊಂಡರೆ ಒಂದೊಂದು ಖಾತೆಗೆ 10,000. ಮನುಷ್ಯ ಊಟ, ನೀರು ಬಿಟ್ಟು ಕುಳಿತರೂ ಇಷ್ಟು ಬಾರಿ ಹುಡುಕಲಾರ. ಅಂದರೆ ಇದು ಯಂತ್ರಗಳ ಕೈವಾಡ. ಕೊಳ್ಳುವ ಮನಸ್ಸಿಲ್ಲದ ಪುಂಡರ ಗುಂಪೊಂದು ಅಂಗಡಿಗೆ ನುಗ್ಗಿ “ಇದೆಷ್ಟು? ಅದೆಷ್ಟು?” ಎಂದು ಕೇಳುತ್ತಾ ನಿಂತರೆ ನಿಜವಾದ ಗಿರಾಕಿ ಹೊರಗೇ ಉಳಿಯುತ್ತಾನಲ್ಲ, ಹಾಗೆ. ಇದನ್ನು ‘ಡಿಡಾಸ್’ ದಾಳಿ ಎನ್ನುತ್ತಾರೆ. ವಿಷಯ ಸೈಬರ್ ಅಪರಾಧ ಪೊಲೀಸರಿಗೂ ಹೋಯಿತು.

ಕಾರಣ ಗೊತ್ತಾದರೆ ಮದ್ದೂ ಗೊತ್ತಾಗುತ್ತದೆ. ಬರೀ ದೊಡ್ಡ ಸರ್ವರ್ ತಂದಿಟ್ಟರೆ ಪುಂಡರ ಗುಂಪೂ ದೊಡ್ಡದಾದೀತು. ಬದಲಿಗೆ ಬಾಗಿಲಲ್ಲಿ ಕಾವಲು ಬೇಕು. ಒಂದು ಖಾತೆ ನಿಮಿಷಕ್ಕೆ ಇಷ್ಟೇ ಬಾರಿ ಕೇಳಬಹುದೆಂಬ ಮಿತಿ ಇಡಬಹುದು. ಮೊಬೈಲಿಗೆ ಬರುವ ಓಟಿಪಿ, ಚಿತ್ರದಲ್ಲಿರುವ ವಕ್ರ ಅಕ್ಷರ ಓದುವ ಪರೀಕ್ಷೆ ಇರುವುದೂ ಇದಕ್ಕೇ. ಅಜ್ಜನಿಗೆ ಅದು ಕಿರಿಕಿರಿ ಎನಿಸಿದರೆ ಪಕ್ಕದಲ್ಲಿ ಕುಳಿತು ಓದಿ ಹೇಳಿ. ಆದರೆ ಓಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ ಮಾತ್ರ ಹೇಳಬೇಡಿ!

ಈಗ ನೀವೇ ಪತ್ತೇದಾರರು

ಒಂದು ಸರ್ವರ್ ಸೋಮವಾರ ಚುರುಕು, ಬುಧವಾರ ನಿಧಾನ, ಶುಕ್ರವಾರ ಸ್ತಬ್ಧ. ಆರಿಸಿ ಚಾಲೂ ಮಾಡಿದರೆ ಮತ್ತೆ ಸರಿ. ಮುಂದಿನ ವಾರವೂ ಅದೇ ಕಥೆ. ಜನಸಂದಣಿ ಮಾತ್ರ ಎಲ್ಲ ದಿನವೂ ಒಂದೇ. ಕಾರಣವೇನು?

ಉತ್ತರ: ಬಳಸಿದ ಪಾತ್ರೆಗಳನ್ನು ತೊಳೆಯದೆ ಕಟ್ಟೆಯ ಮೇಲೇ ಬಿಡುತ್ತಾ ಹೋದರೆ ಅಡುಗೆಗೆ ಜಾಗ ಉಳಿಯದು. ಹಾಗೆಯೇ ಯಾವುದೋ ತಂತ್ರಾಂಶ ಬಳಸಿದ ಮೆಮೊರಿಯನ್ನು ಬಿಟ್ಟುಕೊಡುತ್ತಿಲ್ಲ. ಆರಿಸಿದಾಗ ಕಟ್ಟೆ ಖಾಲಿಯಾಗುತ್ತದೆ, ಆದರೆ ಪಾತ್ರೆ ತೊಳೆಯದವರು ಬದಲಾಗಿಲ್ಲ!