ದೊಡ್ಡ ಕುಟುಂಬಕ್ಕೆ ಮೊದಲ ಕ್ಯಾರವಾನ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ನಮ್ಮ ವರ್ತಕ ಕುಟುಂಬಗಳಲ್ಲಿ ಪ್ರವಾಸವೆಂಬುದು ಇಬ್ಬರು ಮೂವರು ಹೊರಡುವ ಮಾತಲ್ಲ. ಅಂಗಡಿಗೆ ಬೀಗ ಹಾಕುವುದೇ ವರ್ಷದಲ್ಲಿ ನಾಲ್ಕಾರು ದಿನ. ಆ ದಿನಗಳಲ್ಲಿ ಅಜ್ಜ-ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಟ್ಟಾಗಿ ಹೊರಡಬೇಕು. ವಸತಿಗೃಹದಲ್ಲಿ ಮೂರು ನಾಲ್ಕು ಕೋಣೆಗಳು, ಹಿರಿಯರಿಗೆ ಒಗ್ಗುವ ಊಟ, ದಾರಿಯಲ್ಲಿ ಶುಚಿಯಾದ ಶೌಚಾಲಯ – ಈ ಮೂರರ ಚಿಂತೆಯಿಂದ ಬೇಸತ್ತ ಅನೇಕರು ಈಚೆಗೆ ಕ್ಯಾರವಾನ್, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಮತ್ತು ಶೌಚಾಲಯಗಳನ್ನು ಒಡಲಲ್ಲೇ ಹೊತ್ತ ಮೋಟಾರು ವಾಹನವನ್ನು ಕೊಳ್ಳುವ ಆಲೋಚನೆ ಮಾಡುತ್ತಿದ್ದಾರೆ. ಹತ್ತಾರು ಲಕ್ಷ ರೂಪಾಯಿಗಳ ವ್ಯವಹಾರವಾದ ಕಾರಣ ಇದರ ಒಳಹೊರಗನ್ನು ಮೊದಲೇ ಅರಿಯುವುದು ಒಳಿತು.

ಮೊದಲ ಬಾರಿಗೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ಇದರಲ್ಲಿ ಎಷ್ಟು ಮಂದಿ ಮಲಗಬಹುದು ಎಂಬುದು. ಮಾರುವವರೂ ಆ ಸಂಖ್ಯೆಯನ್ನೇ ಮುಂದಿಡುತ್ತಾರೆ. ಆದರೆ ದೊಡ್ಡ ಕುಟುಂಬಕ್ಕೆ ಮುಖ್ಯವಾದ ಸಂಖ್ಯೆಗಳು ಬೇರೆ ಎರಡು: ವಾಹನ ಚಲಿಸುವಾಗ ಬೆಲ್ಟ್ ಧರಿಸಿ ಕೂರಬಹುದಾದ ಆಸನಗಳು ಎಷ್ಟು, ಮತ್ತು ಒಳಾಂಗಣ ಸಜ್ಜಾದ ಮೇಲೆ ಆ ಚಾಸಿಸ್ ಇನ್ನೆಷ್ಟು ಭಾರವನ್ನು ಹೊರಬಲ್ಲುದು. ಹಾಸಿಗೆ ಸಾಲದಿದ್ದರೆ ಗುಡಾರ ಹಾಕಬಹುದು, ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ಆಸನ ಮತ್ತು ಭಾರದ ಕೊರತೆಗೆ ದಾರಿಯಲ್ಲಿ ಪರಿಹಾರವಿಲ್ಲ.

ಎಂಟು ಜನರ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಹಿರಿಯ ದಂಪತಿಗಳು, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಎರಡು ಮೊಮ್ಮಕ್ಕಳು. ಹಗಲಿನಲ್ಲಿ ಸೋಫಾ ಆಗಿ ರಾತ್ರಿ ಹಾಸಿಗೆಯಾಗುವ ಉದ್ದನೆಯ ಅಡ್ಡ ಆಸನ ಬಹುತೇಕ ಕ್ಯಾರವಾನ್‌ಗಳಲ್ಲಿ ಇರುತ್ತದೆ. ಅದರಲ್ಲಿ ನಾಲ್ವರು ಕೂರಬಹುದೆಂದು ಲೆಕ್ಕ ಹಾಕುವುದು ವಾಡಿಕೆ. ಆದರೆ ರಸ್ತೆಗೆ ಅಡ್ಡಲಾಗಿ ಕುಳಿತವರ ದೇಹ ಹಠಾತ್ ಬ್ರೇಕಿನ ಸಮಯದಲ್ಲಿ ಪಕ್ಕಕ್ಕೆ ಎಸೆಯಲ್ಪಡುತ್ತದೆ; ಸೊಂಟದ ಬೆಲ್ಟ್ ಇದ್ದರೂ ಕತ್ತು ಮತ್ತು ಬೆನ್ನೆಲುಬಿಗೆ ರಕ್ಷಣೆ ಸಿಗುವುದಿಲ್ಲ. ಯೂರೋಪ್ ಒಕ್ಕೂಟದಲ್ಲಿ 2007ರ ಅಕ್ಟೋಬರಿನಿಂದ ಹೊಸ ಕಾರು ವರ್ಗದ ವಾಹನಗಳಲ್ಲಿ ಪ್ರಯಾಣಕ್ಕಾಗಿ ಅಡ್ಡ ಆಸನ ಅಳವಡಿಸುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಮುಂದಕ್ಕೆ ಮುಖಮಾಡಿದ, ಚಾಸಿಸ್ಸಿಗೆ ಭದ್ರವಾಗಿ ಬೋಲ್ಟ್ ಮಾಡಿದ, ಮೂರು ಬಿಂದುಗಳ ಬೆಲ್ಟ್ ಇರುವ ಆಸನಗಳನ್ನು ಮಾತ್ರ ಎಣಿಸತಕ್ಕದ್ದು. ಪ್ಲೈವುಡ್ ಪೆಟ್ಟಿಗೆಯ ಮೇಲೆ ಮೆತ್ತೆ ಹಾಕಿದ್ದನ್ನು ಆಸನವೆಂದು ಪರಿಗಣಿಸಬಾರದು.

ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಅಜ್ಜಿಗೆ ಸೊಂಟ ನೋವು, ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡೇ ಬರಲಿ ಎನ್ನುವುದು ನಮ್ಮವರ ಪ್ರೀತಿಯ ಮಾತು. ಆದರೆ ಚಲಿಸುವ ಕ್ಯಾರವಾನಿನ ಹಾಸಿಗೆಯಲ್ಲಿ ಯಾರೂ ಮಲಗಬಾರದು. ಹಿರಿಯರಿಗಾಗಿ ಒರಗುವ ಆಸನವನ್ನೇ ಹಾಕಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ ಕಾಲು ಚಾಚಲು ಅವಕಾಶ ಕೊಡುವುದು ಸರಿಯಾದ ಕ್ರಮ. ಸಂಬಳದ ಚಾಲಕನಿದ್ದರೆ ಆತ ಒಂಬತ್ತನೆಯ ವ್ಯಕ್ತಿ. ಆತನಿಗೆ ಆಸನ ಮಾತ್ರವಲ್ಲ, ರಾತ್ರಿ ಮಲಗುವ ಸ್ಥಳವೂ ಬೇಕು. ಈ ವಿಷಯ ಅನೇಕರಿಗೆ ನೆನಪಾಗುವುದು ಮೊದಲ ಪ್ರವಾಸದ ಮೊದಲ ರಾತ್ರಿ.

ಭಾರದ ಲೆಕ್ಕ

ಧಾನ್ಯದ ವ್ಯಾಪಾರಿಗಳಿಗೆ ಈ ಲೆಕ್ಕ ಸುಲಭ. ನೋಂದಣಿ ಪತ್ರದಲ್ಲಿ ವಾಹನದ ಖಾಲಿ ತೂಕ ಮತ್ತು ಒಟ್ಟು ಭಾರದ ಮಿತಿ ಎರಡೂ ನಮೂದಾಗಿರುತ್ತವೆ. ಇವೆರಡರ ಅಂತರವೇ ನಮಗೆ ಉಳಿಯುವ ಹೊರುವ ಶಕ್ತಿ. ಮೇಲಿನ ಮನೆಯ ಆರು ವಯಸ್ಕರಿಗೆ ತಲಾ 65 ಕಿಲೋ, ಮಕ್ಕಳಿಗೆ ತಲಾ 30 ಕಿಲೋ ಎಂದರೆ 450 ಕಿಲೋ. ತಲಾ 15 ಕಿಲೋ ಸಾಮಾನು ಎಂದರೆ 120 ಕಿಲೋ. ನೀರು ಒಂದು ಲೀಟರಿಗೆ ಒಂದು ಕಿಲೋ. ಎಂಟು ಜನರಿಗೆ ದಿನಕ್ಕೆ ತಲಾ 20 ಲೀಟರಿನಂತೆ ಹಿಡಿದರೂ 160 ಕಿಲೋ. ಪಾತ್ರೆ, ದಿನಸಿ, ಅನಿಲದ ಸಣ್ಣ ಸಿಲಿಂಡರ್, ಕುರ್ಚಿ, ಮೇಜುಗಳಿಗೆ ಇನ್ನೊಂದು 70 ಕಿಲೋ. ಒಟ್ಟು 800 ಕಿಲೋ ಆಯಿತು.

ಈಗ ಒಳಾಂಗಣವನ್ನು ಗಮನಿಸಿ. ಎಂಟಡಿ-ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಒಂದೊಂದೂ 30 ಕಿಲೋಗೂ ಅಧಿಕ ತೂಗುತ್ತದೆ. ಮನೆಯ ವಾರ್ಡ್‌ರೋಬ್ ಮಾಡುವ ಬಡಗಿಯ ಕೈಯಲ್ಲಿ ಇಪ್ಪತ್ತು ಹಲಗೆಗಳ ಕೆಲಸವಾದರೆ 600 ಕಿಲೋ ಅಲ್ಲಿಯೇ ಖರ್ಚಾಯಿತು. ಗ್ರಾನೈಟ್ ಅಡುಗೆ ಕಟ್ಟೆ, ಗಾಜಿನ ಬಾಗಿಲು, ಮನೆಯ ಫ್ರಿಜ್ ಇವೆಲ್ಲ ಪ್ರದರ್ಶನದಲ್ಲಿ ಕಣ್ಣಿಗೆ ಹಬ್ಬ, ಘಾಟಿಯಲ್ಲಿ ಬ್ರೇಕಿಗೆ ಶಿಕ್ಷೆ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಮಿತಿಮೀರಿದ ಭಾರದೊಂದಿಗೆ ಇಳಿಯುವುದನ್ನು ಯಾವ ಅನುಭವಿ ಚಾಲಕನೂ ಒಪ್ಪಲಾರ. ಹಗುರ ಹಲಗೆ ಮತ್ತು ಅಲ್ಯೂಮಿನಿಯಂ ಚೌಕಟ್ಟಿನ ಕೆಲಸ ದುಬಾರಿಯಾದರೂ ಆ ಹಣ ವ್ಯರ್ಥವಲ್ಲ. ನೀರಿನ ಟ್ಯಾಂಕ್ ಹಿಂದಿನ ಅಚ್ಚಿನ ಆಚೆ ಬಾಲದ ಭಾಗದಲ್ಲಿದ್ದರೆ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಅದು ಎರಡು ಅಚ್ಚುಗಳ ನಡುವೆ, ಕೆಳಮಟ್ಟದಲ್ಲಿ ಇರಬೇಕು.

ಹಾಗಾದರೆ ದೊಡ್ಡ ಬಸ್ಸಿನ ಚಾಸಿಸ್ಸನ್ನೇ ಕೊಳ್ಳೋಣವೇ? ಇಲ್ಲಿ ಪರವಾನಗಿಯ ಪ್ರಶ್ನೆ ಬರುತ್ತದೆ. ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಒಟ್ಟು ಭಾರ 7,500 ಕಿಲೋ ಮೀರದ ವಾಹನ ಲಘು ಮೋಟಾರು ವಾಹನ. ಸಾಮಾನ್ಯ ಕಾರಿನ ಪರವಾನಗಿ ಉಳ್ಳವರು ಈ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಮಿತಿ ಮೀರಿದರೆ ಮನೆಯ ಗಂಡುಮಕ್ಕಳ ಪರವಾನಗಿ ಸಾಲದು, ಭಾರಿ ವಾಹನದ ಚಾಲಕನನ್ನು ನೇಮಿಸಬೇಕು. ಟೆಂಪೋ ಟ್ರಾವೆಲರ್ ಮಾದರಿಯ ಉದ್ದನೆಯ ವ್ಯಾನುಗಳು ಈ ಮಿತಿಯೊಳಗೆ ಬರುವುದರಿಂದಲೇ ನಮ್ಮಲ್ಲಿ ಕುಟುಂಬದ ಕ್ಯಾರವಾನ್‌ಗಳಿಗೆ ಅವು ಹೆಚ್ಚು ಬಳಕೆಯಾಗುತ್ತಿವೆ.

ಕಾಗದಪತ್ರ

ಹಳೆಯ ವ್ಯಾನನ್ನು ಅಗ್ಗಕ್ಕೆ ಕೊಂಡು ಪರಿಚಯದ ಗ್ಯಾರೇಜಿನಲ್ಲಿ ಒಳಾಂಗಣ ಮಾಡಿಸುವ ಆಸೆ ಸಹಜ. ಆದರೆ ಕಾಯಿದೆಯ 52ನೇ ಪ್ರಕರಣದಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಇಂಥ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಗಿದೆ. ದಂಡಕ್ಕಿಂತ ಹೆಚ್ಚಿನ ಅಪಾಯ ವಿಮೆಯದು. ಅಪಘಾತವಾದಾಗ ನೋಂದಣಿ ಪತ್ರದಲ್ಲಿ ಒಂದು, ರಸ್ತೆಯ ಮೇಲೆ ಇನ್ನೊಂದು ಎಂದಾದರೆ ಪರಿಹಾರದ ಅರ್ಜಿಗೆ ತಕರಾರು ಖಚಿತವೆನ್ನಬಹುದು.

ಮೋಟಾರು ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಅದರಂತೆ ಮಾದರಿ ಅನುಮೋದನೆ ಪಡೆದ ವಾಹನದ ಪ್ರಮಾಣಪತ್ರದ ಪ್ರತಿಯನ್ನು ಮುಂಗಡ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ. ಅದರಲ್ಲಿರುವ ಆಸನ ಸಂಖ್ಯೆ ಮತ್ತು ಮಾರುವವರು ಹೇಳುವ ಸಂಖ್ಯೆ ಒಂದೇ ಆಗಿವೆಯೇ ಎಂದು ತಾಳೆ ನೋಡಿ. ಕೇಂದ್ರ ಸರ್ಕಾರದ 2004ರ ನವೆಂಬರಿನ ಅಧಿಸೂಚನೆಯಂತೆ ಖಾಸಗಿ ಉಪಯೋಗದ ಕ್ಯಾಂಪರ್ ವ್ಯಾನ್ ಸಾರಿಗೇತರ ವಾಹನ. ಬಾಡಿಗೆಗೆ ಬಿಟ್ಟರೆ ಆ ಸ್ಥಾನ ಉಳಿಯುವುದಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಸುಮ್ಮನೆ ನಿಲ್ಲುವ ವಾಹನವನ್ನು ಪರಿಚಿತರಿಗೆ ಬಾಡಿಗೆಗೆ ಕೊಟ್ಟು ಕಂತು ತೀರಿಸುವ ಯೋಜನೆ ಉಳ್ಳವರು ಇದನ್ನು ಗಮನಿಸತಕ್ಕದ್ದು. ರಸ್ತೆ ತೆರಿಗೆ ಎಷ್ಟಾಗುವುದೆಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೇ ವಿಚಾರಿಸುವುದು ಕ್ಷೇಮ.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿ.ಎಸ್.ಟಿ. ಜಮೆ ಸಿಗುವುದಲ್ಲವೇ ಎಂದು ಸದಸ್ಯರು ಕೇಳುವುದುಂಟು. ಚಾಲಕನೂ ಸೇರಿ ಹದಿಮೂರಕ್ಕಿಂತ ಹೆಚ್ಚಿಲ್ಲದ ಆಸನಗಳ ಪ್ರಯಾಣಿಕ ವಾಹನಕ್ಕೆ ಇನ್‌ಪುಟ್ ತೆರಿಗೆ ಜಮೆಯನ್ನು ಕಾಯಿದೆಯ 17(5)ನೇ ಪ್ರಕರಣ ತಡೆಯುತ್ತದೆ. ಅಂಥ ವಾಹನಗಳ ಮಾರಾಟ, ಪ್ರಯಾಣಿಕರ ಸಾಗಾಟ ಅಥವಾ ಚಾಲನಾ ತರಬೇತಿಯೇ ವ್ಯವಹಾರವಾಗಿದ್ದರೆ ಮಾತ್ರ ವಿನಾಯಿತಿ. ಕುಟುಂಬದ ಪ್ರವಾಸಕ್ಕೆ ಆ ಹಾದಿ ಇಲ್ಲ.

ಗಾಳಿ, ಬೆಂಕಿ, ವಿದ್ಯುತ್ತು

2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ಕ್ಯಾಲಿಕಟ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರನ್ನೊಳಗೊಂಡ ತಂಡ ವಾಹನವನ್ನು ಪರೀಕ್ಷಿಸಿ, ಓಡುತ್ತಿದ್ದ ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ನೆಲದಲ್ಲಿದ್ದ ರಂಧ್ರದ ಮೂಲಕ ಒಳಸೇರಿತ್ತೆಂದು ಕಂಡುಕೊಂಡಿತು. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಎಂಟು ಜನ ಮಲಗುವ ವಾಹನದಲ್ಲಿ ಜನರೇಟರ್ ಹಾಕಿ ನಿದ್ರಿಸುವ ಪ್ರಶ್ನೆಯೇ ಬರಬಾರದು. ಕಾರ್ಬನ್ ಮಾನಾಕ್ಸೈಡ್ ಮತ್ತು ಹೊಗೆಯ ಎಚ್ಚರಿಕೆ ಗಂಟೆಗಳು ಹಾಸಿಗೆಯ ಸಮೀಪ ಇರಲೇಬೇಕು. ಕೊಳವೆ ಮತ್ತು ತಂತಿಗಳಿಗಾಗಿ ನೆಲಕ್ಕೆ ಕೊರೆದ ತೂತುಗಳನ್ನು ಮುಚ್ಚಿದ್ದಾರೆಯೇ ಎಂದು ವಾಹನದ ಕೆಳಗೆ ಟಾರ್ಚ್ ಹಿಡಿದು ನೋಡಲು ಸಂಕೋಚ ಬೇಡ.

ಹಾಗಾದರೆ ರಾತ್ರಿಯಿಡೀ ಹವಾನಿಯಂತ್ರಣ ಹೇಗೆ? ಒಂದು ಟನ್ನಿನ ಯಂತ್ರ ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1.2 ಯೂನಿಟ್, ಸೀಸದ ಬ್ಯಾಟರಿಯಾದರೆ ಬಾಳಿಕೆಯ ದೃಷ್ಟಿಯಿಂದ ಅದರ ಅರ್ಧವನ್ನಷ್ಟೇ ಬಳಸಬೇಕು. ಅಂದರೆ ಅರ್ಧ ಗಂಟೆಗೆ ಮುಗಿಯಿತು. ಲಿಥಿಯಂ ಬ್ಯಾಟರಿಗಳು ಹಗುರ, ಹೆಚ್ಚು ಬಳಕೆಗೆ ಒದಗುತ್ತವೆ. ಆದರೂ ಇಡೀ ರಾತ್ರಿಗೆ ಬೇಕಾದಷ್ಟು ಹಾಕಿಸಿದರೆ ಬೆಲೆ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಕ್ಯಾರವಾನಿಗೆ ಫ್ಯಾನು, ದೀಪ, ಫ್ರಿಜ್ಜಿಗೆ ಸಾಕಾಗುವ ಬ್ಯಾಟರಿ ಹಾಗೂ ಹೊರಗಿನ ವಿದ್ಯುತ್ತಿಗೆ ಜೋಡಿಸುವ 16 ಆಂಪಿಯರಿನ ವ್ಯವಸ್ಥೆ ಸಾಕು. ಚಿಕ್ಕಮಗಳೂರಿನ ಚಳಿಗಾಲದಲ್ಲಿ ಕಿಟಕಿಗೆ ಸೊಳ್ಳೆ ಪರದೆ ಇದ್ದರೆ ಸಾಲದೇ? ಏಪ್ರಿಲಿನಲ್ಲಿ ಹಂಪಿಗೆ ಹೊರಟವರು ವಿದ್ಯುತ್ ಸಂಪರ್ಕ ಕೊಡುವ ತಂಗುದಾಣವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರಿನ ಪೆಟ್ಟಿಗೆ ಹೊರಗಿನಿಂದ ತೆರೆಯುವಂತಿದ್ದು, ಅದರ ತಳದಲ್ಲಿ ಗಾಳಿಕಿಂಡಿ ಇರಬೇಕು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾದ ಘಟನೆ ಎಲ್ಲರ ನೆನಪಿನಲ್ಲಿದೆ. ಮೇಲಿನ ಹಾಸಿಗೆಯಲ್ಲಿ ಮಲಗಿದ ಮಗು ಕತ್ತಲಲ್ಲಿ ಬಾಗಿಲನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಬಾಗಿಲಿನ ಪಕ್ಕದಲ್ಲೇ ಒಲೆಯಿದ್ದರೆ ಎರಡನೆಯ ದಾರಿ ಯಾವುದು? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದ ವಾಹನ ಎಷ್ಟೇ ಅಂದವಾಗಿದ್ದರೂ ಬೇಡ.

ಶೌಚಾಲಯದ ಬಗ್ಗೆ ಒಂದೇ ಮಾತು. ಎತ್ತಿ ಒಯ್ಯುವ ಡಬ್ಬಿಯ ಮಾದರಿಯದರಲ್ಲಿ ಸುಮಾರು 20 ಲೀಟರ್ ಹಿಡಿಯುತ್ತದೆ. ಎಂಟು ಜನ ಹಗಲೂ ರಾತ್ರಿಯೂ ಬಳಸಿದರೆ ದಿನಕ್ಕೊಮ್ಮೆ ಖಾಲಿ ಮಾಡಬೇಕು. ಅದನ್ನು ರಾತ್ರಿಗೆ ಮತ್ತು ಹಿರಿಯರಿಗೆ ಮೀಸಲಿಡುವುದು ರೂಢಿಸಿಕೊಳ್ಳಬೇಕಾದ ಶಿಸ್ತು. ಹೊಲಕ್ಕಾಗಲಿ ಹಳ್ಳಕ್ಕಾಗಲಿ ಸುರಿಯುವಂತಿಲ್ಲ.

ಯಾವುದನ್ನು ಆರಿಸಬೇಕು?

ಕೇರಳ ಸರ್ಕಾರ 2021ರಲ್ಲಿ ಪ್ರಕಟಿಸಿದ ಕ್ಯಾರವಾನ್ ಪ್ರವಾಸೋದ್ಯಮ ನೀತಿಯಲ್ಲಿ ಸೂಚಿಸಿದ್ದು ಎರಡೇ ಬಗೆ: ಇಬ್ಬರು ಅತಿಥಿಗಳದ್ದು ಮತ್ತು ನಾಲ್ವರ ಕುಟುಂಬದ್ದು. ಲಘು ವಾಹನದ ಮಿತಿಯಲ್ಲಿ ನೆಮ್ಮದಿಯಾಗಿ ಮಲಗಬಹುದಾದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಎಂಟು ಹಾಸಿಗೆ ತುರುಕಿದಲ್ಲಿ ನಡೆಯಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಎಂಟು ಜನರ ಮನೆಗೆ ಎಂಟು ಹಾಸಿಗೆಯ ಒಂದು ವಾಹನಕ್ಕಿಂತ, ಬೆಲ್ಟ್ ಉಳ್ಳ ಆರು ಆಸನ ಮತ್ತು ನಾಲ್ಕು ಒಳ್ಳೆಯ ಹಾಸಿಗೆಗಳ ಕ್ಯಾರವಾನ್, ಜೊತೆಗೆ ಮನೆಯಲ್ಲಿರುವ ಕಾರು, ಎರಡು ಗುಡಾರ – ಈ ಏರ್ಪಾಡು ಲೇಸು. ಹಿರಿಯರೂ ಮಕ್ಕಳೂ ಒಳಗೆ, ಉಳಿದವರು ಹೊರಗೆ. ತಂಗುದಾಣದಲ್ಲಿ ಕ್ಯಾರವಾನನ್ನು ನಿಲ್ಲಿಸಿ ಪೇಟೆಗೆ, ದೇವಸ್ಥಾನದ ಇಕ್ಕಟ್ಟಿನ ಬೀದಿಗೆ ಕಾರಿನಲ್ಲಿ ಹೋಗಬಹುದು.

ಕೊಳ್ಳುವ ಮುನ್ನ ಅದೇ ಅಳತೆಯದನ್ನು ಬಾಡಿಗೆಗೆ ಪಡೆದು ಮೂರು ರಾತ್ರಿ ಕಳೆಯಿರಿ. ಒಂದು ರಾತ್ರಿ ಸಾಲದು. ನೀರು ಮುಗಿಯುವುದು, ಡಬ್ಬಿ ತುಂಬುವುದು, ಮನಸ್ತಾಪ ಹುಟ್ಟುವುದು ಎಲ್ಲ ಎರಡನೆಯ ದಿನ. ಮೆಟ್ಟಿಲಿನ ಎತ್ತರಕ್ಕೆ ಅಜ್ಜಿಯ ಮಂಡಿ ಒಪ್ಪುತ್ತದೆಯೇ, ಒಳಗೆ ನಿಂತು ಎಂಟು ಜನರಿಗೆ ಚಪಾತಿ ಲಟ್ಟಿಸಲು ಆಗುತ್ತದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಈ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳ ಮಾತೇ ಅಂತಿಮವಾಗಲಿ. ದಾರಿಯ ನಿರ್ಬಂಧಗಳನ್ನೂ ತಿಳಿದಿರಬೇಕು. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮನೆಯ ಕಾಂಪೌಂಡಿನ ಗೇಟು, ಹೊರಚಾಚಿದ ಸಜ್ಜಾಗಳ ಎತ್ತರವನ್ನು ಅಳೆದಿಟ್ಟುಕೊಳ್ಳಿ.

ವಾಹನ ಸಿದ್ಧವಾಯಿತೆಂದು ಕರೆ ಬಂದಾಗ, ಕೊನೆಯ ಕಂತು ಪಾವತಿಸುವ ಮೊದಲು, ನೀರಿನ ಟ್ಯಾಂಕ್ ತುಂಬಿಸಿ ಅದನ್ನು ಹತ್ತಿರದ ಎ.ಪಿ.ಎಂ.ಸಿ. ಪ್ರಾಂಗಣದ ವೇ ಬ್ರಿಡ್ಜಿಗೆ ಒಯ್ಯಿರಿ. ಮೊದಲು ಇಡೀ ವಾಹನದ, ಅನಂತರ ಮುಂದಿನ ಮತ್ತು ಹಿಂದಿನ ಅಚ್ಚುಗಳ ತೂಕವನ್ನು ಬೇರೆ ಬೇರೆಯಾಗಿ ತೂಗಿಸಿ ಚೀಟಿ ಪಡೆಯಿರಿ. ಮೇಲಿನ ಲೆಕ್ಕದ ಮನೆಯವರು ನೀರು ಬಿಟ್ಟು ಉಳಿದ 640 ಕಿಲೋವನ್ನು ಇದಕ್ಕೆ ಕೂಡಿಸಿ, ಎಲ್ಲರೂ ಒಂದೇ ವಾಹನದಲ್ಲಿ ಕೂರುವಂತಿದ್ದರೆ ಮೊತ್ತವು ನೋಂದಣಿ ಪತ್ರದ ಮಿತಿಯನ್ನು ದಾಟುವುದೇ ಎಂದು ನೋಡಬೇಕು. ದಾಟಿದರೆ ಯಾವ ಕಪಾಟನ್ನು ತೆಗೆಯಬೇಕೆಂಬುದನ್ನು ಬಾಡಿ ಕಟ್ಟಿದವರ ಅಂಗಳದಲ್ಲಿಯೇ ತೀರ್ಮಾನಿಸಬಹುದು.